ಓಟದಲ್ಲಿ ಕಾಲು ಸೋತಿತು, ಕಾರಣ ನೀರಿನಲ್ಲಿದೆ

ಪ್ರಶ್ನೆ: ನನಗೆ 43 ವರ್ಷ. ಕಳೆದ ತಿಂಗಳು ಮೊದಲ ಸಲ ಸ್ಪ್ರಿಂಟ್ ಟ್ರಯಥ್ಲಾನ್ ಮಾಡಿದೆ. 750 ಮೀಟರ್ ಈಜಿಗೆ 24 ನಿಮಿಷ, 20 ಕಿ.ಮೀ. ಸೈಕಲ್‌ಗೆ 41, 5 ಕಿ.ಮೀ. ಓಟಕ್ಕೆ 39. ನಡುವಿನ ಎರಡು ಬದಲಾವಣೆಗೆ 8 ನಿಮಿಷ ಹೋಯಿತು. ಒಟ್ಟು 1 ಗಂಟೆ 52 ನಿಮಿಷ. ಈಜುಕೊಳದಲ್ಲಿ ಇದೇ ದೂರ 18 ನಿಮಿಷದಲ್ಲಿ ಮುಗಿಸುತ್ತೇನೆ. ಕೆರೆಯಲ್ಲಿ ಮೊದಲ 100 ಮೀಟರ್‌ಗೇ ಉಸಿರು ಕಟ್ಟಿದ ಹಾಗಾಗಿ ಕಯಾಕ್ (ಕಾವಲಿಗಿದ್ದ ಪುಟ್ಟ ದೋಣಿ) ಹಿಡಿದು ನಿಂತೆ. ಸೈಕಲ್‌ನಲ್ಲಿ ತುಂಬಾ ಜನರನ್ನು ಹಿಂದೆ ಹಾಕಿದೆ. ತರಬೇತಿಯಲ್ಲಿ ಅಷ್ಟು ದೂರಕ್ಕೆ 46 ನಿಮಿಷ ಬೇಕಾಗುತ್ತಿತ್ತು. ಓಟಕ್ಕೆ ಇಳಿದರೆ ಕಾಲು ನನ್ನದೇ ಅಲ್ಲ ಅನ್ನಿಸಿತು, ಎರಡು ಸಲ ನಡೆದೆ. ಬರೀ 5 ಕಿ.ಮೀ. ಓಡಿದರೆ ನನಗೆ 28 ನಿಮಿಷ ಸಾಕು. ಹೆಲ್ಮೆಟ್ ಬಕಲ್ ಹಾಕದೆ ಸೈಕಲ್ ತೆಗೆದಿದ್ದಕ್ಕೆ ಅಧಿಕಾರಿಯೊಬ್ಬರು ತಡೆದು ನಿಲ್ಲಿಸಿದರು, ಅದೂ ಬೇಜಾರಾಯಿತು. ಮೂರು ತಿಂಗಳ ನಂತರ ಇನ್ನೊಂದು ಸ್ಪರ್ಧೆ ಇದೆ. ಓಟ ಜಾಸ್ತಿ ಮಾಡಲಾ? ಒಳ್ಳೆಯ ಸೈಕಲ್ ತಗೊಳ್ಳಲಾ? ಇಲ್ಲ, ಈ ವಯಸ್ಸಿಗೆ ಇದು ನನ್ನ ಕೈಲಾಗದ ಕೆಲಸವಾ?

ಉತ್ತರ: ಕೈಲಾಗುತ್ತದೆ. ಉಸಿರು ಕಟ್ಟಿದಾಗ ಕಯಾಕ್ ಹಿಡಿದು, ಸುಧಾರಿಸಿಕೊಂಡು, ಮತ್ತೆ ಈಜಿ, ಸೈಕಲ್ ತುಳಿದು, ಓಡಿ ಮುಗಿಸಿದ್ದೀರಿ. ಆಗದವರು ಇಷ್ಟು ಮಾಡುವುದಿಲ್ಲ. ನಿಮ್ಮ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಓಟದಲ್ಲಿ ದೋಷವೇ ಕಾಣುವುದಿಲ್ಲ. 28 ನಿಮಿಷದಲ್ಲಿ 5 ಕಿ.ಮೀ. ಓಡುವ ಕಾಲು 39 ನಿಮಿಷ ತೆಗೆದುಕೊಂಡಿದೆ ಅಂದರೆ ಆ ಕಾಲು ಓಟಕ್ಕೆ ಬರುವ ಮೊದಲೇ ಖರ್ಚಾಗಿತ್ತು. ಎಲ್ಲಿ ಖರ್ಚಾಯಿತು ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ಸ್ವಲ್ಪ ನೀರಿನಲ್ಲಿ, ಬಹುಪಾಲು ಸೈಕಲ್ ಮೇಲೆ. ಸೈಕಲ್ ಮೇಲೆ ನೀವು ಅಷ್ಟು ಜೋರು ಮಾಡಿದ್ದೂ ನೀರಿನಲ್ಲಿ ಆದದ್ದರಿಂದಲೇ ಎಂದು ನನ್ನ ಊಹೆ. ಕಳೆದುಕೊಂಡ ಸಮಯವನ್ನು ಅಲ್ಲಿ ವಾಪಸ್ ತರಲು ಹೊರಟಿರಿ, ಅಲ್ವಾ?

ಹಾಗಾಗಿ ನೀರಿನಿಂದಲೇ ಶುರು ಮಾಡೋಣ. ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾಗಿರುವುದೂ ಇದರ ಬಗ್ಗೆಯೇ.

ಮೊದಲ 100 ಮೀಟರ್‌ನಲ್ಲಿ ನಿಮಗೆ ಆದದ್ದು ಹೊಸಬರಲ್ಲಿ ತುಂಬಾ ಜನರಿಗೆ ಆಗುತ್ತದೆ. ಕೊಳದಲ್ಲಿ ಚೆನ್ನಾಗಿ ಈಜುವವರಿಗೂ ಆಗುತ್ತದೆ. ಸೀಟಿ ಊದಿದ ತಕ್ಷಣ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಯಾರದೋ ಕೈ ನಿಮ್ಮ ಬೆನ್ನಿಗೆ ಬೀಳುತ್ತದೆ, ಯಾರದೋ ಕಾಲು ಗಾಗಲ್ಸ್‌ಗೆ ತಗಲುತ್ತದೆ. ಕೆಳಗೆ ನೋಡಿದರೆ ಕೊಳದ ಕಪ್ಪು ಗೆರೆ ಇಲ್ಲ, ಬರೀ ಹಸಿರು ಮಬ್ಬು. ನೀರು ತಣ್ಣಗಿದ್ದರೆ ಚರ್ಮಕ್ಕೆ ತಾಗಿದ ಕೂಡಲೇ ಉಸಿರು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ, ಎದೆ ಬಡಿತ ಏರುತ್ತದೆ. ಅದನ್ನು ನಾವು ಬೇಕೆಂದು ಮಾಡುವುದಲ್ಲ, ದೇಹದ ಪ್ರತಿಕ್ರಿಯೆ. ಒಂದೆರಡು ನಿಮಿಷದಲ್ಲಿ ತಾನಾಗಿಯೇ ಇಳಿಯುತ್ತದೆ. ತೊಂದರೆ ಏನೆಂದರೆ, ಆ ಒಂದೆರಡು ನಿಮಿಷವೇ ನಾವು ಅತಿ ಜೋರಾಗಿ ಈಜುವ ಹೊತ್ತು.

ಇನ್ನೂ ಒಂದು ವಿಷಯವನ್ನು ಹತ್ತಿರದಿಂದ ನೋಡಬೇಕು. ಗಾಬರಿಯಾದವರು ಮುಖವನ್ನು ನೀರಿಗೆ ಹಾಕಿದಾಗ ಉಸಿರು ಬಿಡುವುದನ್ನು ನಿಲ್ಲಿಸುತ್ತಾರೆ. ತಲೆ ತಿರುಗಿಸಿದಾಗ ಅರೆಕ್ಷಣದಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಎರಡನ್ನೂ ಮಾಡಲು ನೋಡುತ್ತಾರೆ. ಎರಡೂ ಪೂರ್ತಿಯಾಗುವುದಿಲ್ಲ. ಒಳಗಿನ ಹಳೆಯ ಗಾಳಿ ಅಲ್ಲೇ ಉಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಉಸಿರು ಸಾಲದು ಎಂಬ ಆ ಭಯಂಕರ ಭಾವನೆ ಹೆಚ್ಚಾಗಿ ಹುಟ್ಟುವುದು ಇದರಿಂದ. ಗಾಳಿ ಸಿಗುತ್ತಿಲ್ಲ ಅನ್ನಿಸುತ್ತದೆ, ನಿಜವಾಗಿ ಗಾಳಿ ಹೊರಗೆ ಹೋಗುತ್ತಿಲ್ಲ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಗುಳ್ಳೆ ಬಿಡುತ್ತಿರಿ. ತಲೆ ತಿರುಗಿದಾಗ ಎಳೆದುಕೊಳ್ಳುವ ಕೆಲಸ ಮಾತ್ರ ಉಳಿಯುತ್ತದೆ. ಮೂರು ತಿಂಗಳಲ್ಲಿ ಒಂದೇ ಒಂದು ಅಭ್ಯಾಸ ಮಾಡಲು ಸಾಧ್ಯ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಸ್ಪರ್ಧೆಯ ದಿನ ಬೇಗ ಹೋಗಿ. ಮೊದಲೇ ನೀರಿಗೆ ಇಳಿಯಲು ಬಿಟ್ಟರೆ ಐದು ನಿಮಿಷ ಸುಮ್ನೆ ಮುಖ ಮುಳುಗಿಸಿ ಗುಳ್ಳೆ ಬಿಡಿ. ಬಿಡದಿದ್ದರೆ ಮುಖಕ್ಕೆ, ಕತ್ತಿಗೆ, ಎದೆಗೆ ನೀರು ಹಾಕಿಕೊಳ್ಳಿ. ಗುಂಪಿನ ಹಿಂದೆ ಅಥವಾ ಅಂಚಿನಲ್ಲಿ ನಿಲ್ಲಿ. ಸೀಟಿ ಊದಿದ ಮೇಲೆ ಹತ್ತು ಎಣಿಸಿ ಹೊರಡಿ. ಆ ಹತ್ತು ಸೆಕೆಂಡ್ ನಿಮ್ಮ ಒಟ್ಟು ಸಮಯದಲ್ಲಿ ಕಾಣುವುದೂ ಇಲ್ಲ, ಆದರೆ ಮುಂದೆ ಜಾಗ ಖಾಲಿ ಸಿಗುತ್ತದೆ. ಮೊದಲ 100 ಮೀಟರ್ ನಾಚಿಕೆಯಾಗುವಷ್ಟು ನಿಧಾನ ಈಜಿ. ಉಸಿರು ಕೆಟ್ಟರೆ ಬ್ರೆಸ್ಟ್‌ಸ್ಟ್ರೋಕ್‌ಗೆ ಬನ್ನಿ, ಇಲ್ಲ ಬೆನ್ನ ಮೇಲೆ ತಿರುಗಿ ತೇಲಿ. ಟ್ರಯಥ್ಲಾನ್‌ನಲ್ಲಿ ಫ್ರೀಸ್ಟೈಲ್‌ನಲ್ಲೇ ಈಜಬೇಕೆಂಬ ಕಡ್ಡಾಯ ಇಲ್ಲ. ಕಯಾಕ್ ಹಿಡಿಯುವುದಕ್ಕೂ ನಿಯಮದ ಅಡ್ಡಿ ಇಲ್ಲ, ಅದನ್ನು ಹಿಡಿದು ಮುಂದಕ್ಕೆ ಸಾಗಬಾರದು ಅಷ್ಟೇ. ನೀವು ಹಿಡಿದದ್ದು ಸರಿಯಾದ ಕೆಲಸ. ಅದನ್ನು ಸೋಲು ಎಂದು ಬರೆದುಕೊಳ್ಳಬೇಡಿ.

ದಾರಿ ನೋಡುವುದಕ್ಕೂ ಅಭ್ಯಾಸ ಬೇಕು. ಕೆರೆಯಲ್ಲಿ ಎಲ್ಲರೂ ಸ್ವಲ್ಪ ಸೊಟ್ಟ ಹೋಗುತ್ತಾರೆ. ನಿಮ್ಮ 750 ಮೀಟರ್ 800ಕ್ಕಿಂತ ಜಾಸ್ತಿಯೇ ಆಗಿದ್ದರೂ ಆಶ್ಚರ್ಯವಿಲ್ಲ. ಎಂಟು ಹತ್ತು ಸ್ಟ್ರೋಕ್‌ಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ಬರುವಂತೆ ತಲೆ ಎತ್ತಿ. ಪೂರ್ತಿ ತಲೆ ಎತ್ತಿದರೆ ಸೊಂಟ ಕೆಳಗಿಳಿದು ವೇಗ ಸಾಯುತ್ತದೆ. ನೀರಿನಲ್ಲಿ ತೇಲುವ ಗುರುತು ಅಲೆಯ ಮರೆಯಲ್ಲಿ ಕಾಣದೇ ಹೋಗಬಹುದು. ಅದರ ಹಿಂದೆ ದಡದಲ್ಲಿ ಎದ್ದು ಕಾಣುವ ಮರವನ್ನೋ ಕಟ್ಟಡವನ್ನೋ ಮೊದಲೇ ನೋಡಿಟ್ಟುಕೊಳ್ಳಿ. ಈಜುಕೊಳದಲ್ಲಿ ನಾಲ್ಕು ಜನ ಗೆಳೆಯರು ಒಂದೇ ಲೇನ್‌ನಲ್ಲಿ ಅಕ್ಕಪಕ್ಕ ಈಜಿ, ಮೈ ತಗಲಿಸಿಕೊಂಡೇ ಈಜಿ. ಮೈಗೆ ಮೈ ತಾಗುವುದು ಅಭ್ಯಾಸವಾದರೆ ಅರ್ಧ ಗಾಬರಿ ಅಲ್ಲೇ ಕಳೆಯುತ್ತದೆ. ಕೆರೆಯಲ್ಲೂ ಅಭ್ಯಾಸ ಮಾಡಿ, ಆದರೆ ಒಬ್ಬರೇ ಯಾವತ್ತೂ ಇಳಿಯಬೇಡಿ. ದೂರದಿಂದ ಕಾಣುವ ಬಣ್ಣದ ಟೋಪಿ ಇರಲಿ, ಸೊಂಟಕ್ಕೆ ಕಟ್ಟಿ ಎಳೆದುಕೊಂಡು ಹೋಗುವ ಬಲೂನಿನಂಥ ಫ್ಲೋಟ್ ಇರಲಿ.

ಇಲ್ಲಿ ಒಂದು ಗಂಭೀರವಾದ ಮಾತು ಇದೆ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್ ದುರಂತಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸ್ಪರ್ಧೆಯ ವೇಳೆ ಹಠಾತ್ತಾಗಿ ಸತ್ತವರು ಅಥವಾ ಹೃದಯ ನಿಂತು ಬದುಕಿ ಉಳಿದವರು ಅದರಲ್ಲಿ 120 ಮಂದಿ. ಅವರಲ್ಲಿ 90 ಮಂದಿಗೆ ಅದು ಆದದ್ದು ಈಜಿನಲ್ಲಿ. ಬಹುಪಾಲು ಗಂಡಸರು, ನಡುವಯಸ್ಸಿನವರು ಜಾಸ್ತಿ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಅದೇ ಅಧ್ಯಯನದ ಪ್ರಕಾರ ಸಾವು ಅಥವಾ ಹೃದಯ ನಿಲ್ಲುವುದರ ಪ್ರಮಾಣ ಒಂದು ಲಕ್ಷ ಸ್ಪರ್ಧಿಗಳಿಗೆ 1.74 ಮಾತ್ರ. ಆದರೆ ನಿಮಗೆ 43, ಮತ್ತು ನೀರಿನಲ್ಲಿ ಉಸಿರು ಕಟ್ಟಿದ ಅನುಭವ ಆಗಿದೆ. ಮುಂದಿನ ಸ್ಪರ್ಧೆಗೆ ಹೆಸರು ಕೊಡುವ ಮೊದಲು ವೈದ್ಯರಿಗೆ ಇದನ್ನು ಇದ್ದ ಹಾಗೇ ಹೇಳಿ, ಹೃದಯ ಪರೀಕ್ಷೆ ಮಾಡಿಸಿಕೊಳ್ಳಿ. ಎದೆ ನೋವು, ತಲೆ ಸುತ್ತು, ಕೆಮ್ಮಿದಾಗ ರಕ್ತ ಬೆರೆತ ಕಫ, ದಡಕ್ಕೆ ಬಂದ ಮೇಲೂ ಇಳಿಯದ ಏದುಸಿರು, ಇವುಗಳಲ್ಲಿ ಒಂದಿದ್ದರೂ ಅದನ್ನು ಬರೀ ಗಾಬರಿ ಎಂದು ತಳ್ಳಿಹಾಕಬೇಡಿ. ತರಬೇತಿ ಆಮೇಲೆ.

ಇಂದು ಟ್ರಯಥ್ಲಾನ್‌ಗಳು ಸಾಮಾನ್ಯವಾಗಿ ಈಜಿನಿಂದ ಶುರುವಾಗುತ್ತವೆ. 1974ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ ಈ ಹೆಸರಿನ ಮೊದಲ ಸ್ಪರ್ಧೆ ನಡೆದಾಗ ಹಾಗಿರಲಿಲ್ಲ. ಅವತ್ತು 46 ಜನ ಓಟದಿಂದ ಹೊರಟಿದ್ದರು. ಸುಸ್ತಾದ ಜನರನ್ನು ಕೊನೆಯಲ್ಲಿ ನೀರಿಗೆ ಬಿಡುವುದು ಅಪಾಯ. ಈಜು ಮುಂದಕ್ಕೆ ಬಂದದ್ದು ಒಳ್ಳೆಯದೇ ಆಯಿತು. ಅದರ ಇನ್ನೊಂದು ಪರಿಣಾಮ ನಮ್ಮಂಥ ಹವ್ಯಾಸಿಗಳ ಮೇಲೆ ಬಿದ್ದಿದೆ. ಅತಿ ಹೆಚ್ಚು ಭಯದ ಭಾಗವೇ ಮೊದಲು ಬರುತ್ತದೆ, ಅಲ್ಲಿ ಏರಿದ ಎದೆಬಡಿತವನ್ನು ಹೊತ್ತುಕೊಂಡೇ ಸೈಕಲ್ ಹತ್ತುತ್ತೇವೆ.

ಸೈಕಲ್ ವಿಷಯಕ್ಕೆ ಬರೋಣ. 46 ನಿಮಿಷದ ದೂರವನ್ನು 41ರಲ್ಲಿ ಮುಗಿಸಿದೆ ಎಂದು ಖುಷಿಯಿಂದ ಬರೆದಿದ್ದೀರಿ. ನಿಮ್ಮ ಓಟವನ್ನು ತಿಂದದ್ದು ಅದೇ. ಲೆಕ್ಕ ನೋಡಿ. 46 ನಿಮಿಷ ಅಂದರೆ ಗಂಟೆಗೆ ಸುಮಾರು 26 ಕಿ.ಮೀ., 41 ಅಂದರೆ 29ಕ್ಕಿಂತ ಸ್ವಲ್ಪ ಮೇಲೆ. ಮೂರು ಕಿ.ಮೀ. ತಾನೇ ಅನ್ನಿಸುತ್ತದೆ. ಆದರೆ ಸಮತಟ್ಟು ರಸ್ತೆಯಲ್ಲಿ ಸೈಕಲ್ ಸವಾರನ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ತಳ್ಳಲು ಹೋಗುತ್ತದೆ. ಆ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ನಿಮ್ಮ ಎರಡು ವೇಗಗಳನ್ನು ಹೋಲಿಸಿದರೆ ಗಾಳಿಗೆ ಕೊಟ್ಟ ಶಕ್ತಿ ಸುಮಾರು ಶೇ. 40ರಷ್ಟು ಜಾಸ್ತಿ. ರಸ್ತೆ, ಗಾಳಿಯ ದಿಕ್ಕು ಬೇರೆ ಇದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಪಾಠ ಬದಲಾಗುವುದಿಲ್ಲ. ಐದು ನಿಮಿಷ ಗಳಿಸಲು ಅಷ್ಟು ಸುರಿದಿರಿ. ಓಟದಲ್ಲಿ ಹನ್ನೊಂದು ನಿಮಿಷ ತೆತ್ತಿರಿ.

ಹಿಂದೆ ಹಾಕಿದ ಜನರ ಸಂಖ್ಯೆ ಸೈಕಲ್ ಮೇಲೆ ತುಂಬಾ ಮೋಸ ಮಾಡುತ್ತದೆ. ನೀವು ನೀರಿನಿಂದ ತಡವಾಗಿ ಬಂದದ್ದರಿಂದ ನಿಮ್ಮ ಮುಂದೆ ನಿಮಗಿಂತ ನಿಧಾನದ ಸವಾರರು ಜಾಸ್ತಿ ಇದ್ದರು. ಅವರನ್ನು ದಾಟುವುದು ಸಹಜ. ಒಬ್ಬರನ್ನು ದಾಟಿದ ಉಮೇದಿಗೆ ಇನ್ನೊಬ್ಬರನ್ನು ದಾಟುತ್ತೇವೆ. ಆ ಹೊತ್ತಿಗೆ ಕಾಲು ದೂರುವುದೇ ಇಲ್ಲ. ದೂರು ಕೇಳಿಸುವುದು ಸೈಕಲ್ ಇಳಿದ ಮೇಲೆ.

ಮುಂದಿನ ಸಲ ಮೊದಲ ಐದು ನಿಮಿಷ ಹಗುರ ಗೇರ್‌ನಲ್ಲಿ ತುಳಿಯಿರಿ. ಈಜಿನ ಏದುಸಿರು ಪೂರ್ತಿ ಇಳಿಯಲಿ, ಎರಡು ಗುಟುಕು ನೀರು ಕುಡಿಯಿರಿ. ನಂತರ ಒಂದು ಸಣ್ಣ ವಾಕ್ಯ ಮಾತಾಡಬಹುದಾದಷ್ಟು ಶ್ರಮದಲ್ಲಿ ಇರಿ. ಎರಡು ಪದಕ್ಕೇ ಉಸಿರು ಮುರಿಯುತ್ತಿದ್ದರೆ ಜಾಸ್ತಿಯಾಯಿತು ಎಂದು ಅರ್ಥ. ಭಾರದ ಗೇರ್ ಹಾಕಿ ತೊಡೆಯಿಂದ ಒತ್ತುವ ಬದಲು ನಿಮಿಷಕ್ಕೆ 85ರಿಂದ 90 ಸುತ್ತು ಪೆಡಲ್ ತಿರುಗಲಿ. ಕೊನೆಯ ಒಂದು ಕಿ.ಮೀ. ಮತ್ತೆ ಹಗುರ ಗೇರ್‌ಗೆ ಬನ್ನಿ. ಒಮ್ಮೆ ಎದ್ದು ನಿಂತು ಸೊಂಟ, ಬೆನ್ನು ಸಡಿಲ ಮಾಡಿಕೊಳ್ಳಿ. ಯಾರಾದರೂ ದಾಟಿದರೆ ದಾಟಲಿ. ಮುಂದಿನವರ ಹಿಂದೆ ಅಂಟಿಕೊಂಡು ಹೋಗಲು ಬಿಡುವ ಸ್ಪರ್ಧೆಯೋ ಅಲ್ಲವೋ ಎಂದು ಮೊದಲೇ ಓದಿಕೊಳ್ಳಿ. ಹವ್ಯಾಸಿಗಳ ಸ್ಪರ್ಧೆಯಲ್ಲಿ ಹಲವು ಕಡೆ ಅದಕ್ಕೆ ಅವಕಾಶ ಇಲ್ಲ. ಎಷ್ಟು ಮೀಟರ್ ಅಂತರ ಇಡಬೇಕು, ದಾಟಲು ಎಷ್ಟು ಸೆಕೆಂಡ್ ಸಿಗುತ್ತದೆ ಎಂಬುದು ಸ್ಪರ್ಧೆಯ ಸೂಚನೆಯಲ್ಲೇ ಇರುತ್ತದೆ.

ಇನ್ನು ಆ ಕಾಲು. ಸೈಕಲ್ ಇಳಿದ ತಕ್ಷಣ ಕಾಲು ಮರಗಟ್ಟಿದಂತೆ ಆಗುವುದು ಯಾರಿಗೂ ತಪ್ಪಿದ್ದಲ್ಲ. ಮುಕ್ಕಾಲು ಗಂಟೆ ಸೊಂಟ ಮಡಚಿ ಕುಳಿತಿರುತ್ತೀರಿ. ಪಾದ ನೆಲಕ್ಕೆ ಬಡಿಯುವುದೇ ಇಲ್ಲ, ಸ್ನಾಯುಗಳು ಒಂದೇ ಬಗೆಯಲ್ಲಿ ಸುತ್ತುತ್ತಿರುತ್ತವೆ. ಓಟದಲ್ಲಿ ಪ್ರತಿ ಹೆಜ್ಜೆಗೂ ಮೈ ಭಾರ ಒಂದು ಕಾಲ ಮೇಲೆ ಬಿದ್ದು ಚಿಮ್ಮಬೇಕು. ಸ್ನಾಯುಗಳಿಗೆ ಈ ಬದಲಾವಣೆ ಗೊತ್ತಾಗಲು ಕೆಲವು ನಿಮಿಷ ಬೇಕು. ಜೊತೆಗೆ ಶಾಖ. ಸೈಕಲ್ ಮೇಲೆ ಎದುರು ಗಾಳಿ ಬೆವರನ್ನು ಒಣಗಿಸುತ್ತಿರುತ್ತದೆ. ಓಟದಲ್ಲಿ ಆ ಗಾಳಿ ತಟ್ಟನೆ ನಿಂತುಹೋಗುತ್ತದೆ, ಮೈ ಒಮ್ಮೆಲೇ ಕಾಯುತ್ತದೆ. ಮೂರನೆಯದು ವೇಗದ ಭ್ರಮೆ. ಗಂಟೆಗೆ 29 ಕಿ.ಮೀ.ಯಲ್ಲಿ ಬಂದ ಕಣ್ಣಿಗೆ ಗಂಟೆಗೆ 11 ಕಿ.ಮೀ. ಓಟ ತೆವಳಿದಂತೆ ಕಾಣುತ್ತದೆ. ಹಾಗಾಗಿ ಗೊತ್ತಿಲ್ಲದೇ ಜೋರಾಗಿ ಓಡುತ್ತೇವೆ. ನಿಮ್ಮ ಮೊದಲ ಕಿ.ಮೀ.ಯ ಸಮಯ ವಾಚ್‌ನಲ್ಲಿದ್ದರೆ ತೆಗೆದು ನೋಡಿ. ಅದು ಉಳಿದ ನಾಲ್ಕಕ್ಕಿಂತ ತುಂಬಾ ವೇಗವಾಗಿರುತ್ತದೆ ಎಂದು ನನಗೆ ಬಲವಾದ ಅನುಮಾನ.

ಇದಕ್ಕೆ ಮದ್ದು ಬ್ರಿಕ್ ಅಭ್ಯಾಸ. ಸೈಕಲ್ ಇಳಿದ ಕೂಡಲೇ ಓಡುವುದು, ಅಷ್ಟೇ. ವಾರಕ್ಕೊಂದು ಸಾಕು. ಮೊದಲ ತಿಂಗಳು 40 ನಿಮಿಷ ಸೈಕಲ್, ಹಿಂದೆಯೇ 10 ನಿಮಿಷ ನಿಧಾನ ಓಟ. ಎರಡನೇ ತಿಂಗಳು ಸೈಕಲ್‌ನ ಕೊನೆಯ 15 ನಿಮಿಷ ಸ್ಪರ್ಧೆಯ ಶ್ರಮದಲ್ಲಿ, ಓಟ 15ರಿಂದ 20 ನಿಮಿಷ. ಮೂರನೇ ತಿಂಗಳ ಮೊದಲೆರಡು ವಾರದಲ್ಲಿ ಒಮ್ಮೆ ಪೂರ್ತಿ 20 ಕಿ.ಮೀ. ತುಳಿದು 3 ಕಿ.ಮೀ. ಓಡಿ ನೋಡಿ. ಉಳಿದಂತೆ ವಾರಕ್ಕೆ ಎರಡರಿಂದ ಮೂರು ಈಜು, ಒಂದು ಉದ್ದನೆಯ ಆರಾಮ ಸೈಕಲ್, ಒಂದು ಆರಾಮ ಓಟ. ಬರೀ ಓಟವನ್ನು ಜಾಸ್ತಿ ಮಾಡುವ ಅಗತ್ಯ ನನಗೆ ಕಾಣುತ್ತಿಲ್ಲ. ಕೆಲಸ, ಮನೆ ಎಲ್ಲ ಇರುವವರು ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಇಟ್ಟುಕೊಳ್ಳಲೇಬೇಕು. ಕೊನೆಯ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ.

ಹೆಲ್ಮೆಟ್ ವಿಷಯ. ಆ ಅಧಿಕಾರಿ ಮಾಡಿದ್ದು ಸರಿ, ಬೇಜಾರು ಬೇಡ. ಸ್ಟ್ಯಾಂಡ್‌ನಿಂದ ಸೈಕಲ್ ಮುಟ್ಟಿ ತೆಗೆಯುವ ಮೊದಲು ಬಕಲ್ ಬಿದ್ದಿರಬೇಕು. ವಾಪಸ್ ಬಂದಾಗ ಸೈಕಲನ್ನು ಸ್ಟ್ಯಾಂಡ್‌ಗೆ ಹಾಕಿದ ಮೇಲೆಯೇ ಬಕಲ್ ಬಿಚ್ಚಬೇಕು. ಹತ್ತುವ ಗೆರೆ ದಾಟಿದ ಮೇಲೆ ಹತ್ತಬೇಕು, ಇಳಿಯುವ ಗೆರೆಗೆ ಮೊದಲೇ ಇಳಿಯಬೇಕು. ನೀರಿನಿಂದ ಬಂದವರ ಕೈ ನಡುಗುತ್ತದೆ, ತಲೆ ಓಡುವುದಿಲ್ಲ. ಅದಕ್ಕೇ ಹೆಲ್ಮೆಟ್ ಅನ್ನು ಹ್ಯಾಂಡಲ್ ಮೇಲೆ ಮಗುಚಿ, ಪಟ್ಟಿಗಳನ್ನು ಹೊರಗೆ ಹರಡಿ ಇಡಿ. ಕೈಗೆ ಮೊದಲು ಸಿಗುವುದು ಅದೇ ಆಗಿರಲಿ.

8 ನಿಮಿಷದಲ್ಲಿ ಮೂರು ನಿಮಿಷ ಉಳಿಸಲು ಓಡಾಡಬೇಕಿಲ್ಲ. ಈಜುವಾಗ ಹಾಕಿದ ಬಟ್ಟೆಯಲ್ಲೇ ಮೂರೂ ಮಾಡಿ, ಟ್ರೈಸೂಟ್ ಇರುವುದೇ ಅದಕ್ಕೆ. ಶೂಗೆ ಎಲಾಸ್ಟಿಕ್ ಲೇಸ್ ಹಾಕಿ, ಒಳಗೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿಡಿ. ಒದ್ದೆ ಕಾಲು ಜಾರಿಕೊಂಡು ಒಳಗೆ ಹೋಗುತ್ತದೆ. ಬೆಳಿಗ್ಗೆ ನೀರಿನ ಕಡೆಯಿಂದ ನಿಮ್ಮ ಸೈಕಲ್‌ವರೆಗೆ ಒಮ್ಮೆ ನಡೆದು ನೋಡಿ, ಎಷ್ಟನೇ ಸಾಲು ಎಂದು ಎಣಿಸಿಕೊಳ್ಳಿ. ನೂರಾರು ಸೈಕಲ್‌ಗಳ ನಡುವೆ ತನ್ನದು ಸಿಗದೆ ಒದ್ದಾಡುವವರನ್ನು ಪ್ರತಿ ಸ್ಪರ್ಧೆಯಲ್ಲೂ ನೋಡುತ್ತೇನೆ. ನಂಬರ್ ಬೆಲ್ಟ್ ಇದ್ದರೆ ಪಿನ್‌ಗಳ ಗೋಜಿಲ್ಲ. ಸೈಕಲ್ ಮೇಲೆ ನಂಬರ್ ಬೆನ್ನಿಗೆ, ಓಟದಲ್ಲಿ ಎದುರಿಗೆ ತಿರುಗಿಸಿಕೊಂಡರಾಯಿತು.

ತಿನ್ನುವುದರ ಬಗ್ಗೆ ಈ ದೂರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೂರು ಗಂಟೆ ಮೊದಲು ನಿಮಗೆ ಒಗ್ಗಿದ ಹಗುರ ತಿಂಡಿ, ಸೈಕಲ್ ಮೇಲೆ ಒಂದು ಬಾಟಲಿ ನೀರು ಅಥವಾ ಉಪ್ಪು-ಸಕ್ಕರೆ ಬೆರೆತ ಪಾನೀಯ. ಅವತ್ತು ಹೊಸದಾಗಿ ಏನನ್ನೂ ತಿನ್ನಬೇಡಿ.

ಈಗ ಮುಂದಿನ ಸ್ಪರ್ಧೆಗೆ ನಾನು ಇಡುವ ಲೆಕ್ಕ ಇದು. ಈಜು 20 ನಿಮಿಷ. ಮೊದಲ ಬದಲಾವಣೆ 3. ಸೈಕಲ್ 44, ಹೌದು, ಕಳೆದ ಸಲಕ್ಕಿಂತ ಮೂರು ನಿಮಿಷ ನಿಧಾನ. ಎರಡನೇ ಬದಲಾವಣೆ 2. ಓಟ 31. ಒಟ್ಟು 1 ಗಂಟೆ 40 ನಿಮಿಷ. ಈಗಿನ ನಿಮ್ಮ ಮೈಯಲ್ಲೇ ಇದು ಇದೆ, ಹೊಸ ತಾಕತ್ತು ಬೇಕಿಲ್ಲ. ಓಟದ ಮೊದಲ ಕಿ.ಮೀ. 6 ನಿಮಿಷ 30 ಸೆಕೆಂಡ್‌ಗಿಂತ ಬೇಗ ಆಗದಂತೆ ನೋಡಿಕೊಳ್ಳಿ. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಎರಡನೆಯದರಲ್ಲಿ ಕಾಲು ತಿರುಗಿ ನಿಮ್ಮದಾಗುತ್ತದೆ. ಮೂರರಿಂದ ವೇಗ ತೆಗೆಯಿರಿ. ನೀರು ಕೊಡುವ ಜಾಗದಲ್ಲಿ ಒಂದು ಲೋಟ ತಲೆಗೆ, ಒಂದು ಬಾಯಿಗೆ.

ಈಜು ಮತ್ತೆ 24 ನಿಮಿಷ ಆದರೂ ಸೈಕಲ್‌ನ 44 ಬದಲಾಗಬಾರದು. ಇದು ನನ್ನ ಗಟ್ಟಿ ಸಲಹೆ. ನೀರಿನಲ್ಲಿ ಹೋದದ್ದು ಹೋಯಿತು, ಅದನ್ನು ರಸ್ತೆಯಲ್ಲಿ ವಸೂಲಿ ಮಾಡಲು ಹೋದರೆ ಮತ್ತೆ ನಡೆಯಬೇಕಾಗುತ್ತದೆ.

ಹೊಸ ಸೈಕಲ್ ಈಗ ಬೇಡ. ಇರುವ ಸೈಕಲ್‌ನ ಸೀಟಿನ ಎತ್ತರ ನಿಮ್ಮ ಕಾಲಿಗೆ ಸರಿಯಾಗಿದೆಯಾ ಎಂದು ತಿಳಿದವರ ಹತ್ತಿರ ನೋಡಿಸಿ, ಬ್ರೇಕ್ ಮತ್ತು ಗೇರ್ ಸರಿ ಮಾಡಿಸಿ, ಟೈರ್ ಸವೆದಿದ್ದರೆ ಬದಲಿಸಿ. ಹಿಂದಿನ ದಿನ ಅಲ್ಲ, ವಾರ ಮುಂಚೆ ಮಾಡಿಸಿ. ಹಣ ಖರ್ಚು ಮಾಡಲೇಬೇಕು ಅಂದರೆ ಕೆರೆಯಲ್ಲಿ ಈಜು ಕಲಿಸುವ ಒಳ್ಳೆಯ ತರಬೇತುದಾರರ ಹತ್ತಿರ ನಾಲ್ಕಾರು ಪಾಠ ತೆಗೆದುಕೊಳ್ಳಿ. ಮೂರು ತಿಂಗಳಾದ ಮೇಲೆ ಹೊಸ ಅಂಕಿಗಳನ್ನು ಇದೇ ರೀತಿ ಬಿಡಿಬಿಡಿಯಾಗಿ ಬರೆದು ಕಳಿಸಿ. ನಾನು ಮೊದಲು ನೋಡುವುದು ಈಜಿನ ಸಮಯವನ್ನಲ್ಲ, ಓಟದ ಮೊದಲ ಕಿ.ಮೀ.ಯನ್ನು.